‘ಟಚ್ ಆಫ್ ಈವಿಲ್’: ಮೂರು ಡಿಸ್ಕ್‌ಗಳಲ್ಲಿ ಯಾವುದನ್ನು ಮೊದಲು ನೋಡಲಿ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮ ಊರಿಗೆ ಬಂದಾಗ ‘ಟಚ್ ಆಫ್ ಈವಿಲ್’ ಸಿನಿಮಾದ 4ಕೆ ಸೆಟ್ ತಂದುಕೊಟ್ಟ. ಒಳಗೆ ಮೂರು ಡಿಸ್ಕ್ ಇವೆ. ಮೂರರಲ್ಲೂ ಅದೇ ಸಿನಿಮಾ, ಆದರೆ ಅವಧಿ ಮಾತ್ರ ಬೇರೆ ಬೇರೆ. ಒಂದನ್ನು ಹಾಕಿ ಹತ್ತು ನಿಮಿಷ ನೋಡಿದೆ. ಚಿತ್ರದ ತುಂಬ ಸಣ್ಣ ಮರಳು ಕುಣಿಯುವ ಹಾಗೆ ಕಾಣುತ್ತದೆ. ಮೇಲೆ, ಕೆಳಗೆ ತೆಳುವಾದ ಕಪ್ಪು ಪಟ್ಟಿ. ರಾತ್ರಿಯ ದೃಶ್ಯಗಳಲ್ಲಿ ಅರ್ಧಕ್ಕರ್ಧ ಏನೂ ಗೊತ್ತಾಗುವುದಿಲ್ಲ. ರಿಸ್ಟೋರ್ ಮಾಡಿದ್ದು ಅಂದಮೇಲೆ ಹೊಸದರ ಹಾಗೆ ಇರಬೇಕಲ್ವಾ? ಡಿಸ್ಕ್ ಸರಿ ಇದೆಯಾ? ಮೂರರಲ್ಲಿ ಯಾವುದನ್ನು ನೋಡಬೇಕು? ಹತ್ತನೇ ಕ್ಲಾಸಿನ ಮಗನೂ ಜೊತೆಗೆ ಕೂರುತ್ತೇನೆ ಅನ್ನುತ್ತಿದ್ದಾನೆ.

ಉತ್ತರ: ನಿಮ್ಮ ಡಿಸ್ಕ್ ಚೆನ್ನಾಗಿಯೇ ಇದೆ. ಆ ಮರಳು ಫಿಲ್ಮಿನ ಸ್ವಭಾವ. ಕಪ್ಪು ಪಟ್ಟಿ ಆ ಕಾಲದ ಥಿಯೇಟರ್ ಪರದೆಯ ಅಳತೆಯಿಂದ ಬಂದದ್ದು. ಕತ್ತಲೆಯ ದೂರಿಗೆ ಮಾತ್ರ ನಿಮ್ಮ ಟಿವಿ ಮತ್ತು ಹಾಲಿನ ಟ್ಯೂಬ್‌ಲೈಟ್ ಕಾರಣ ಇರಬಹುದು. ಅದನ್ನು ಸರಿ ಮಾಡಬಹುದು. ಇನ್ನು ಮೊದಲು ನೋಡಬೇಕಾದ್ದು 1998ರಲ್ಲಿ ಹೊಸದಾಗಿ ಜೋಡಿಸಿದ ಆವೃತ್ತಿ. ಅವಧಿ ಸುಮಾರು 111 ನಿಮಿಷ ಇರುವ ಡಿಸ್ಕ್ ಅದು. ಯಾಕೆ ಅದೇ ಅನ್ನುವುದಕ್ಕೆ ಈ ಸಿನಿಮಾದ ಮೇಲೆ ಏನೇನು ನಡೆಯಿತು ಅಂತ ಸ್ವಲ್ಪ ಹೇಳಬೇಕು.

ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್ ಇದನ್ನು ಯೂನಿವರ್ಸಲ್ ಸ್ಟುಡಿಯೋಗಾಗಿ 1957ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಚಿತ್ರೀಕರಿಸಿದರು. ಕಥೆ ನಡೆಯುವುದು ಅಮೆರಿಕ ಮತ್ತು ಮೆಕ್ಸಿಕೋ ಗಡಿಯ ಒಂದು ಊರಿನಲ್ಲಿ. ಚಿತ್ರೀಕರಣ ಆದದ್ದು ಕ್ಯಾಲಿಫೋರ್ನಿಯಾದ ವೆನಿಸ್ ಅನ್ನುವ ಕಡಲತೀರದ ಊರಿನಲ್ಲಿ. ಆಗ ಅದು ಪಾಳುಬಿದ್ದ ಹಾಗಿತ್ತು. ಹಳೆಯ ಕಮಾನುಗಳು, ಕೊಳಕು ಕಾಲುವೆ, ಎಣ್ಣೆ ಬಾವಿಗಳ ಗೋಪುರಗಳು, ಎಲ್ಲವೂ ವೆಲ್ಸ್ ಕಣ್ಣಿಗೆ ಹಬ್ಬವಾಗಿ ಸಿಕ್ಕವು. ಹಾಲಿವುಡ್ ಸ್ಟುಡಿಯೋ ಒಂದಕ್ಕೆ ಸಿನಿಮಾ ಮಾಡಿ ಅವರಿಗೆ ಸುಮಾರು ಹತ್ತು ವರ್ಷ ಆಗಿತ್ತು. ಹಾಲಿವುಡ್ ಸ್ಟುಡಿಯೋಗೆ ಅವರು ನಿರ್ದೇಶಿಸಿದ ಕೊನೆಯ ಸಿನಿಮಾವೂ ಇದೇ.

ಅವರು ಎಡಿಟ್ ಮಾಡುತ್ತಿದ್ದ ರೀತಿ ಸ್ಟುಡಿಯೋಗೆ ಹಿಡಿಸಲಿಲ್ಲ. ಕೆಲಸ ಅವರ ಕೈ ತಪ್ಪಿತು. ಬೇರೆಯವರು ಕೂತು ಮತ್ತೆ ಜೋಡಿಸಿದರು. ಹ್ಯಾರಿ ಕೆಲ್ಲರ್ ಅನ್ನುವ ನಿರ್ದೇಶಕರಿಂದ ಕೆಲವು ಹೊಸ ತುಣುಕುಗಳನ್ನೂ ತೆಗೆಸಿದರು, ಕಥೆ ಜನರಿಗೆ ಸುಲಭವಾಗಿ ಅರ್ಥವಾಗಲಿ ಅಂತ. ವೆಲ್ಸ್‌ಗೆ ಅದನ್ನು ತೋರಿಸಿದಾಗ ಅವರು ಸಿಟ್ಟಿನಿಂದ ಎದ್ದು ಹೋಗಲಿಲ್ಲ. ಕೂತು 58 ಪುಟಗಳ ಒಂದು ಮೆಮೊ ಬರೆದರು. ಅದು 1957ರ ಡಿಸೆಂಬರ್ 5ರದ್ದು, ಸ್ಟುಡಿಯೋ ಮುಖ್ಯಸ್ಥ ಎಡ್ವರ್ಡ್ ಮುಲ್ ಅವರಿಗೆ. ಇಲ್ಲಿ ಈ ಶಬ್ದ ಬೇಡ, ಈ ದೃಶ್ಯ ಆ ದೃಶ್ಯದ ಮಧ್ಯೆ ಬರಲಿ, ಈ ಕ್ಲೋಸಪ್ ತೆಗೆಯಿರಿ, ಹೀಗೆ ಒಂದೊಂದಾಗಿ, ತುಂಬಾ ತಾಳ್ಮೆಯಿಂದ. ತಾನು ಮಾಡಿದ್ದನ್ನು ಕಿತ್ತುಕೊಂಡವರಿಗೆ ಇಷ್ಟು ಮರ್ಯಾದೆಯಿಂದ ಬರೆದ ಪತ್ರ ಸಿನಿಮಾ ಲೋಕದಲ್ಲಿ ನನಗೆ ಇನ್ನೊಂದು ಕಂಡಿಲ್ಲ.

ಸ್ಟುಡಿಯೋ ಕೆಲವನ್ನು ಕೇಳಿತು, ಜಾಸ್ತಿ ಪಾಲು ಕೇಳಲಿಲ್ಲ. ಆಗ ತಯಾರಾದದ್ದು ಪ್ರಿವ್ಯೂಗೆ ಅಂತ ತೋರಿಸಿದ ಸುಮಾರು 108 ನಿಮಿಷದ ಪ್ರತಿ. ಆಮೇಲೆ ಅದನ್ನೂ ಕತ್ತರಿಸಿ, ಸುಮಾರು 95 ನಿಮಿಷಕ್ಕೆ ಇಳಿಸಿ, 1958ರಲ್ಲಿ ಬಿಡುಗಡೆ ಮಾಡಿದರು. ಅದೂ ಒಂದು ಟಿಕೆಟ್‌ಗೆ ಎರಡು ಸಿನಿಮಾ ತೋರಿಸುವ ಪದ್ಧತಿಯಲ್ಲಿ ಎರಡನೆಯದಾಗಿ. ಮೊದಲನೆಯ ಸಿನಿಮಾ ಅದೇ ಹ್ಯಾರಿ ಕೆಲ್ಲರ್ ನಿರ್ದೇಶಿಸಿದ್ದು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1970ರ ದಶಕದ ಮಧ್ಯದಲ್ಲಿ ಆ 108 ನಿಮಿಷದ ಪ್ರತಿ ಮತ್ತೆ ಸಿಕ್ಕಿತು. ಉದ್ದ ಇದೆ ಅನ್ನುವ ಕಾರಣಕ್ಕೇ ಅದು ವೆಲ್ಸ್ ಅವರ ಮೂಲ ಅಂತ ಎಷ್ಟೋ ಜನ ನಂಬಿದರು. ಹಾಗಲ್ಲ. ವೆಲ್ಸ್ ತೆಗೆದದ್ದು ಅದರಲ್ಲಿ ಜಾಸ್ತಿ ಇದೆ, ಕೆಲ್ಲರ್ ತೆಗೆದದ್ದೂ ಜಾಸ್ತಿ ಇದೆ. ಕೊನೆಗೆ 1998ರಲ್ಲಿ ನಿರ್ಮಾಪಕ ರಿಕ್ ಷ್ಮಿಡ್ಲಿನ್ ಮತ್ತು ಎಡಿಟರ್ ವಾಲ್ಟರ್ ಮರ್ಚ್ ಆ ಮೆಮೊವನ್ನು ಮುಂದೆ ಇಟ್ಟುಕೊಂಡು ಸಿನಿಮಾವನ್ನು ಮತ್ತೆ ಜೋಡಿಸಿದರು. ಸುಮಾರು 50 ಬದಲಾವಣೆ ಮಾಡಿದರು. ವೆಲ್ಸ್ ತೀರಿಕೊಂಡು ಆಗ 13 ವರ್ಷ ಆಗಿತ್ತು.

ನಿಮ್ಮ ಸೆಟ್ಟಿನ ಮೂರು ಡಿಸ್ಕ್‌ಗಳು ಇವೇ. ‘ರಿಸ್ಟೋರ್’ ಅನ್ನುವ ಒಂದೇ ಮಾತನ್ನು ಇಲ್ಲಿ ಎರಡು ಬೇರೆ ಕೆಲಸಗಳಿಗೆ ಬಳಸುತ್ತಾರೆ. ಗೊಂದಲ ಶುರುವಾಗುವುದು ಅಲ್ಲೇ. ಹಳೆಯ ನೆಗೆಟಿವ್ ಅಥವಾ ಒಳ್ಳೆಯ ಪ್ರತಿಯನ್ನು ಹುಡುಕಿ, ಸ್ಕ್ಯಾನ್ ಮಾಡಿ, ಗೀರು, ಧೂಳು, ಅಲುಗಾಟ ತೆಗೆಯುವುದು ಒಂದು ಕೆಲಸ. ಅದು ಮೂರು ಡಿಸ್ಕ್‌ಗಳಿಗೂ ಆಗಿದೆ. ಕತ್ತರಿಸಿ ಹಾಳು ಮಾಡಿದ ಜೋಡಣೆಯನ್ನು ನಿರ್ದೇಶಕರ ಮನಸ್ಸಿಗೆ ಹತ್ತಿರ ತರುವುದು ಇನ್ನೊಂದು ಕೆಲಸ. ಅದು 1998ರದ್ದಕ್ಕೆ ಮಾತ್ರ ಆಗಿದೆ. ಅದನ್ನೂ ವೆಲ್ಸ್ ಅವರ ಕೊನೆಯ ಮಾತು ಅಂತ ಹೇಳಲಾಗುವುದಿಲ್ಲ. ಅವರು ಮೆಮೊ ಬರೆದದ್ದು ಸ್ಟುಡಿಯೋ ಮಾಡಿದ ಜೋಡಣೆಯ ಮೇಲೆ. ತಾವೇ ಮೊದಲಿಂದ ಮಾಡಿದ್ದರೆ ಏನು ಮಾಡುತ್ತಿದ್ದರೋ ಅದು ನಮಗೆ ಸಿಗುವುದಿಲ್ಲ. ಆದರೂ ಉಳಿದಿರುವುದರಲ್ಲಿ ಅವರ ಧ್ವನಿ ಸ್ಪಷ್ಟವಾಗಿ ಕೇಳುವುದು ಇದರಲ್ಲೇ.

ಮೊದಲ ಶಾಟ್ ತೆಗೆದುಕೊಳ್ಳಿ. ಸಿನಿಮಾ ಶುರುವಾದ ಕೂಡಲೇ ಒಂದು ಬಾಂಬು, ಅದರ ಟೈಮರ್ ತಿರುಗಿಸುವ ಕೈ. ಒಬ್ಬ ಓಡಿ ಹೋಗಿ ಅದನ್ನು ಒಂದು ಕಾರಿನ ಡಿಕ್ಕಿಯಲ್ಲಿ ಇಡುತ್ತಾನೆ. ಒಬ್ಬ ಗಂಡಸು, ಒಬ್ಬ ಹೆಂಗಸು ಬಂದು ಕಾರು ಹತ್ತುತ್ತಾರೆ. ಕ್ಯಾಮೆರಾ ಕ್ರೇನಿನ ಮೇಲೆ ಎದ್ದು, ಮನೆಗಳ ಮಾಳಿಗೆ ದಾಟಿ, ಬೀದಿಗೆ ಇಳಿಯುತ್ತದೆ. ಕಾರು ನಿಲ್ಲುತ್ತದೆ, ಹೊರಡುತ್ತದೆ, ಆಡುಗಳ ಹಿಂಡು ಅಡ್ಡ ಬರುತ್ತದೆ. ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ನಡೆದು ಬರುತ್ತದೆ. ಮೆಕ್ಸಿಕೋದ ಅಧಿಕಾರಿ ವರ್ಗಾಸ್ ಆಗಿ ಚಾರ್ಲ್ಟನ್ ಹೆಸ್ಟನ್, ಹೆಂಡತಿ ಸೂಸನ್ ಆಗಿ ಜ್ಯಾನೆಟ್ ಲೀ. ಕಾರು ಅವರ ಪಕ್ಕ ಬರುತ್ತದೆ, ಹಿಂದೆ ಬೀಳುತ್ತದೆ, ಮತ್ತೆ ಪಕ್ಕ ಬರುತ್ತದೆ. ಗಡಿಯ ಚೌಕಿಯಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಇಷ್ಟೂ ಒಂದೇ ಶಾಟ್. ಮೂರು ನಿಮಿಷಕ್ಕೂ ಜಾಸ್ತಿ, ಎಲ್ಲೂ ಕಟ್ ಇಲ್ಲ. ಛಾಯಾಗ್ರಾಹಕ ರಸೆಲ್ ಮೆಟ್ಟಿ ಮತ್ತು ತಂಡ ರಾತ್ರಿಯಿಡೀ ಒದ್ದಾಡಿ, ಬೆಳಗಾಗುವ ಹೊತ್ತಿಗೆ ಇದನ್ನು ಸಾಧಿಸಿದರು.

1958ರ ಡಿಸ್ಕ್‌ನಲ್ಲಿ ಈ ಶಾಟ್ ಮೇಲೆ ದೊಡ್ಡ ದೊಡ್ಡ ಟೈಟಲ್ ಕಾರ್ಡ್‌ಗಳು ಓಡುತ್ತವೆ. ಹಿಂದೆ ಹೆನ್ರಿ ಮ್ಯಾನ್ಸಿನಿ ಅವರ ಸಂಗೀತ. ಬಾಂಗೋ, ಕಹಳೆ, ಮೈ ಬಿಸಿಯಾಗುವಂಥ ತಾಳ. ಆ ಸಂಗೀತ ನನಗೆ ತುಂಬಾ ಇಷ್ಟ. ಆದರೆ ಅಕ್ಷರ ಓದುತ್ತಾ ಓದುತ್ತಾ ಕಾರು ಎಲ್ಲಿ ಹೋಯಿತು ಅನ್ನುವುದೇ ಮರೆಯುತ್ತದೆ. ವೆಲ್ಸ್ ಮೆಮೊದಲ್ಲಿ ಕೇಳಿದ್ದು ಬೇರೆ. ಟೈಟಲ್ ಬೇಡ. ಒಂದೇ ಸಂಗೀತವೂ ಬೇಡ. ಬೀದಿಯ ಒಂದೊಂದು ಬಾರು, ಕ್ಲಬ್ಬಿನ ಬಾಗಿಲಿನಿಂದ ಒಂದೊಂದು ಹಾಡು ಬರಲಿ, ಕಾರಿನ ರೇಡಿಯೋದಿಂದ ಇನ್ನೊಂದು. 1998ರದ್ದರಲ್ಲಿ ಮರ್ಚ್ ಹಾಗೇ ಮಾಡಿದ್ದಾರೆ. ಈಗ ಕಾರು ಚಿತ್ರದಿಂದ ಆಚೆ ಹೋದರೂ ಅದರ ರೇಡಿಯೋ ಹಾಡು ಹತ್ತಿರ ಬಂದಾಗ ಎದೆ ಝಲ್ ಅನ್ನುತ್ತದೆ. ಬಾಂಬು ಪಕ್ಕದಲ್ಲೇ ಇದೆ ಅಂತ ಕಿವಿಗೆ ಮೊದಲು ಗೊತ್ತಾಗುತ್ತದೆ.

ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳುವಂಥದ್ದಲ್ಲ. ವೆಲ್ಸ್ ಸ್ವತಃ ನಟಿಸಿರುವ ಪೊಲೀಸ್ ಅಧಿಕಾರಿ ಹ್ಯಾಂಕ್ ಕ್ವಿನ್ಲನ್‌ಗೆ ಮೆನ್ಜೀಸ್ ಅಂತ ಒಬ್ಬ ನಂಬಿಕಸ್ಥ ಜೊತೆಗಾರ. ಆ ಪಾತ್ರ ಮಾಡಿದವರು ಜೋಸೆಫ್ ಕಲೇಯಾ. ಕ್ವಿನ್ಲನ್ ಸುಳ್ಳು ಸಾಕ್ಷಿ ಇಟ್ಟು ಜನರನ್ನು ಸಿಕ್ಕಿಸುತ್ತಾನೆ ಅನ್ನುವುದನ್ನು ವರ್ಗಾಸ್ ದಾಖಲೆಗಳ ಕೋಣೆಯಲ್ಲಿ ಈ ಮೆನ್ಜೀಸ್ ಮುಂದೆ ಇಡುತ್ತಾನೆ. ಸ್ಟುಡಿಯೋ ಜೋಡಣೆಯಲ್ಲಿ ಅಲ್ಲಿ ಮೆನ್ಜೀಸ್ ಕುಸಿದುಹೋಗುವ ಒಂದು ಕ್ಲೋಸಪ್ ಇತ್ತು. ಅದನ್ನು ತೆಗೆಯಿರಿ ಅಂತ ವೆಲ್ಸ್ ಬರೆದರು. ಕೊಟ್ಟ ಕಾರಣ ಲೆನ್ಸ್‌ನದು: ವೈಡ್ ಆ್ಯಂಗಲ್ ಲೆನ್ಸ್‌ನಲ್ಲಿ ಮುಖ ವಿಕಾರವಾಗಿದೆ ಅಂತ. ಮರ್ಚ್ ಆ ಕೆಲವೇ ಸೆಕೆಂಡ್‌ಗಳನ್ನು ತೆಗೆದು ನೋಡಿದರು. ಇಡೀ ಪಾತ್ರವೇ ಬದಲಾದ ಹಾಗೆ ಅವರಿಗೆ ಕಂಡಿತು. ಮೆನ್ಜೀಸ್ ಈಗ ಅಷ್ಟು ಬೇಗ ಸೋಲುವುದಿಲ್ಲ. ಮುಂದೆ ಅವನು ಗೆಳೆಯನ ವಿರುದ್ಧ ನಿಂತರೆ ಅದು ಅವನೇ ಯೋಚಿಸಿ ಮಾಡಿದ ತೀರ್ಮಾನ ಆಗುತ್ತದೆ. ಕೊನೆಯ ಹತ್ತು ನಿಮಿಷದ ಭಾರ ಎಲ್ಲಾ ಇದರ ಮೇಲೆ ನಿಂತಿದೆ.

ಹಾಗೇ, ಸ್ಫೋಟದ ನಂತರ ವರ್ಗಾಸ್ ಒಂದು ಕಡೆ, ಸೂಸನ್ ಇನ್ನೊಂದು ಕಡೆ ಆಗುತ್ತಾರೆ. ಇಬ್ಬರ ಕಥೆಯನ್ನೂ ಜಡೆ ಹೆಣೆದ ಹಾಗೆ ಒಂದರ ಮಧ್ಯೆ ಒಂದು ತರಬೇಕು ಅಂತ ವೆಲ್ಸ್ ಕೇಳಿದ್ದರು. 1998ರಲ್ಲಿ ಅದೂ ಆಗಿದೆ.

ಈಗ ನಿಮ್ಮ ಮರಳಿನ ವಿಷಯ. ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರ ಅನ್ನುವುದೇ ಬೆಳ್ಳಿಯ ಕಣಗಳು. ಬೆಳಕು ತಾಗಿದ ಕಡೆ ಬೆಳ್ಳಿಯ ಲವಣ ಡೆವಲಪ್ ಆದಾಗ ಲೋಹದ ಬೆಳ್ಳಿಯಾಗಿ ಉಳಿಯುತ್ತದೆ. ಈ ಕಣಗಳು ಒಂದು ಫ್ರೇಮಿನಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ಸೆಕೆಂಡಿಗೆ 24 ಫ್ರೇಮ್ ಓಡಿದಾಗ ಅದು ಕುಣಿದ ಹಾಗೆ ಕಾಣುತ್ತದೆ. ಇದಕ್ಕೆ ಗ್ರೇನ್ ಅನ್ನುತ್ತಾರೆ. ಧೂಳು, ಗೀರು ಚಿತ್ರದ ಮೇಲೆ ಆಮೇಲೆ ಬಂದು ಕೂತವು. ಅವನ್ನು ತೆಗೆಯಬಹುದು. ಗ್ರೇನ್ ತೆಗೆಯಲು ಹೋದರೆ ಚಿತ್ರವೇ ಹೋಗುತ್ತದೆ. ಹಿಂದೆ ಕೆಲವು ಡಿಸ್ಕ್‌ಗಳಲ್ಲಿ ಸಾಫ್ಟ್‌ವೇರ್ ಹಾಕಿ ಉಜ್ಜಿಬಿಡುತ್ತಿದ್ದರು. ಮುಖಗಳು ಮೇಣದ ಬೊಂಬೆಗಳ ಹಾಗೆ ನುಣ್ಣಗಾಗುತ್ತಿದ್ದವು. ಈ ಸಿನಿಮಾದಲ್ಲಿ ವೆಲ್ಸ್ 18.5 ಮಿ.ಮೀ. ಲೆನ್ಸ್ ಹಾಕಿ ಕ್ವಿನ್ಲನ್ ಮುಖಕ್ಕೆ ತೀರಾ ಹತ್ತಿರ ಹೋಗುತ್ತಾರೆ, ಅದೂ ಕೆಳಗಿನಿಂದ. ಆ ಬೆವರು, ಕೂಳೆ ಗಡ್ಡ, ಊದಿದ ಕಣ್ಣು ಎಲ್ಲಾ ಕಾಣಬೇಕು. ನುಣ್ಣಗೆ ಮಾಡಿದರೆ ಆ ಮನುಷ್ಯನೇ ಕಾಣೆಯಾಗುತ್ತಾನೆ.

ಒಂದು ಶಾಟ್ ಚೆನ್ನಾಗಿದ್ದು ಇದ್ದಕ್ಕಿದ್ದ ಹಾಗೆ ಒರಟಾದರೂ ಗಾಬರಿ ಬೇಡ. ಒಂದು ದೃಶ್ಯ ಕರಗಿ ಇನ್ನೊಂದಾಗುವ ಜಾಗಗಳನ್ನು ಗಮನಿಸಿ. ಅಂಥ ಡಿಸಾಲ್ವ್‌ಗಳನ್ನು ಆಗಿನ ಕಾಲದಲ್ಲಿ ಲ್ಯಾಬ್‌ನಲ್ಲಿ ಪ್ರತಿಯಿಂದ ಪ್ರತಿ ತೆಗೆದು ಮಾಡುತ್ತಿದ್ದರು. ಪ್ರತಿ ಸಲ ನಕಲು ಮಾಡಿದಾಗಲೂ ಗ್ರೇನ್ ಸ್ವಲ್ಪ ದಪ್ಪವಾಗುತ್ತದೆ. ಎರಡು ಮೂರು ಸಲ ಇದನ್ನು ಗುರುತಿಸಿದರೆ ಆಮೇಲೆ ಯಾವ ಹಳೆಯ ಸಿನಿಮಾ ನೋಡಿದರೂ ನಿಮಗೇ ಗೊತ್ತಾಗುತ್ತದೆ. ನಮ್ಮ ‘ಘಟಶ್ರಾದ್ಧ’ವೂ ಕಪ್ಪು ಬಿಳುಪಿನದೇ ಅಲ್ವಾ? ಗಿರೀಶ್ ಕಾಸರವಳ್ಳಿಯವರ 1977ರ ಆ ಸಿನಿಮಾ 4ಕೆಯಲ್ಲಿ ರಿಸ್ಟೋರ್ ಆಗಿ 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. ಮುಂದೆ ಅದನ್ನು ನೋಡುವ ಅವಕಾಶ ಸಿಕ್ಕಾಗ ಅಲ್ಲೂ ಈ ಬೆಳ್ಳಿಯ ಕಣಗಳನ್ನು ಹುಡುಕಿ.

ಕಪ್ಪು ಪಟ್ಟಿಗೆ ಉತ್ತರ ಚಿಕ್ಕದು. ಆ ಹೊತ್ತಿಗೆ ಹಾಲಿವುಡ್ ಅಗಲ ಪರದೆಗೆ ಬಂದಿತ್ತು. ಫಿಲ್ಮಿನಲ್ಲಿ ಎತ್ತರದ ಚೌಕಟ್ಟೇ ಮೂಡುತ್ತಿತ್ತು, ಥಿಯೇಟರಿನಲ್ಲಿ ಮೇಲೆ ಕೆಳಗೆ ಮುಚ್ಚಿ 1.85ಕ್ಕೆ 1ರ ಅಳತೆಯಲ್ಲಿ ತೋರಿಸುತ್ತಿದ್ದರು. ನಿಮ್ಮ ಟಿವಿ 1.78ಕ್ಕೆ 1. ಆ ಸಣ್ಣ ವ್ಯತ್ಯಾಸವೇ ನಿಮ್ಮ ಪಟ್ಟಿ. ವೆಲ್ಸ್‌ಗೆ ಎತ್ತರದ ಚೌಕಟ್ಟೇ ಬೇಕಿತ್ತು ಅಂತ ವಾದಿಸುವವರು ಇದ್ದಾರೆ. 2011ರಲ್ಲಿ ಬ್ರಿಟನ್ನಿನಲ್ಲಿ ಬಂದ ಬ್ಲೂ ರೇ ಸೆಟ್ಟಿನಲ್ಲಿ ಎರಡೂ ಅಳತೆ ಕೊಟ್ಟಿದ್ದರು. ನಾನು ಎರಡನ್ನೂ ನೋಡಿ ಅಗಲದ್ದಕ್ಕೇ ಬಂದು ನಿಂತೆ. ಮುಖಗಳು ಒತ್ತೊತ್ತಾಗಿ ಉಸಿರು ಕಟ್ಟಿಸುತ್ತವೆ, ಈ ಕಥೆಗೆ ಅದು ಸರಿ. ರಿಮೋಟಿನ ಜೂಮ್ ಬಟನ್ ಮಾತ್ರ ಮುಟ್ಟಬೇಡಿ.

ಕತ್ತಲೆಗೆ ಬರೋಣ. ನೀವು ಕೈ ಹಾಕಬೇಕಾದ್ದು ಇಲ್ಲಿ. ಮೊದಲು ಹಾಲಿನ ದೀಪ ಆರಿಸಿ, ಕಿಟಕಿಯ ಪರದೆ ಎಳೆಯಿರಿ. ಇದು ಫಿಲ್ಮ್ ನ್ವಾರ್ ಅನ್ನುವ, ನೆರಳು ಕತ್ತಲೆ ತುಂಬಿದ ಅಪರಾಧ ಕಥೆಗಳ ಜಾತಿಯ ಸಿನಿಮಾ. ಆ ಹೆಸರಿನ ಅರ್ಥವೇ ಫ್ರೆಂಚ್‌ನಲ್ಲಿ ಕಪ್ಪು ಸಿನಿಮಾ ಅಂತ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಪರದೆಯ ಕಪ್ಪೆಲ್ಲಾ ಬೂದಿ ಬಣ್ಣವಾಗುತ್ತದೆ, ಆ ಬೂದಿಯಲ್ಲಿ ಏನೂ ಕಾಣುವುದಿಲ್ಲ. ತೀರಾ ಕತ್ತಲೆ ಕಷ್ಟವಾದರೆ ಟಿವಿಯ ಹಿಂದೆ ಒಂದು ಮಂದ ದೀಪ ಇಡಿ.

ಆಮೇಲೆ ಟಿವಿಯ ಪಿಕ್ಚರ್ ಮೆನು. ವಿವಿಡ್, ಡೈನಾಮಿಕ್ ಬಿಟ್ಟು ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನು, ಇಲ್ಲದಿದ್ದರೆ ಸಿನಿಮಾ ಅಥವಾ ಮೂವಿ ಮೋಡ್ ಹಾಕಿ. ಮೋಷನ್ ಅಂತ ಹೆಸರಿರುವ ಸೌಲಭ್ಯ ಆಫ್ ಮಾಡಿ. ಅದು ಇಲ್ಲದ ಫ್ರೇಮ್‌ಗಳನ್ನು ತಾನೇ ಹುಟ್ಟಿಸಿ ಸಿನಿಮಾವನ್ನು ಧಾರಾವಾಹಿಯ ಹಾಗೆ ಮಾಡುತ್ತದೆ. ಆ ಮೊದಲ ಶಾಟ್ ಅದರಲ್ಲಿ ಪೂರ್ತಿ ಕೆಡುತ್ತದೆ. ನಾಯ್ಸ್ ರಿಡಕ್ಷನ್ ಕೂಡ ಆಫ್, ಗ್ರೇನ್ ಉಜ್ಜುವುದು ಅದೇ. ಶಾರ್ಪ್‌ನೆಸ್ ತುಂಬಾ ಕಡಿಮೆ ಮಾಡಿ. ಜಾಸ್ತಿ ಇದ್ದರೆ ಗ್ರೇನ್ ಚುಚ್ಚಿದ ಹಾಗೆ ಕಾಣುತ್ತದೆ. ನಿಮಗೆ ಮರಳು ಅಷ್ಟು ಜೋರಾಗಿ ಕಂಡದ್ದಕ್ಕೆ ಇದೂ ಕಾರಣ ಇರಬಹುದು. ಬಣ್ಣದ ಟೋನ್ ‘ವಾರ್ಮ್’ಗೆ ಇಡಿ. ಕೂಲ್‌ನಲ್ಲಿ ಬಿಳಿ ಎಲ್ಲಾ ನೀಲಿಗೆ ತಿರುಗುತ್ತದೆ. ವಾರ್ಮ್ ಮೊದಲು ಹಳದಿ ಅನ್ನಿಸುತ್ತದೆ, ಹತ್ತು ನಿಮಿಷದಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ.

ಇಷ್ಟಾದರೂ ಕತ್ತಲೆ ಹೋಗದಿದ್ದರೆ ಎಚ್‌ಡಿಆರ್ ಕಡೆ ನೋಡಿ, ಅಂದರೆ ಹೊಳಪು ಮತ್ತು ಕತ್ತಲೆಯ ವ್ಯತ್ಯಾಸವನ್ನು ಹೆಚ್ಚಾಗಿ ತೋರಿಸುವ ಸೌಲಭ್ಯ. 4ಕೆ ಡಿಸ್ಕ್‌ನಲ್ಲಿ ಬೀದಿದೀಪ, ನಿಯಾನ್ ಬೋರ್ಡುಗಳ ಹೊಳಪನ್ನು ಬಲವಾದ ಟಿವಿಗೆ ತಕ್ಕಂತೆ ತುಂಬಿರುತ್ತಾರೆ. ಕಡಿಮೆ ಬೆಲೆಯ 4ಕೆ ಟಿವಿಗಳಿಗೆ ಅಷ್ಟು ಬೆಳಕು ಕೊಡುವ ಶಕ್ತಿ ಇರುವುದಿಲ್ಲ. ಹೊಳಪನ್ನು ಹೊಂದಿಸಲು ಹೋಗಿ ಇಡೀ ಚಿತ್ರವನ್ನೇ ಮಂಕು ಮಾಡಿಬಿಡುತ್ತವೆ. ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಔಟ್‌ಪುಟ್ ಆಫ್ ಮಾಡಿ ಅದೇ ದೃಶ್ಯ ಮತ್ತೆ ನೋಡಿ. ಹಾಗೆ ಚೆನ್ನಾಗಿ ಕಂಡರೆ ಹಾಗೇ ನೋಡಿ. ಪೆಟ್ಟಿಗೆಯ ಮೇಲೆ ಏನು ಬರೆದಿದ್ದರೂ ನಿಮ್ಮ ಕಣ್ಣಿಗೆ ಕಂಡದ್ದೇ ಮುಖ್ಯ. ಇನ್ನೂ ಒಂದು ಮಾತು: ಕ್ವಿನ್ಲನ್ ಕತ್ತಲೆಯಲ್ಲಿ ನಿಂತಾಗ ಅವನ ಕೋಟಿನ ಮಡಿಕೆ ಕಾಣದಿದ್ದರೆ ಅದು ಸಮಸ್ಯೆ ಅಲ್ಲ. ಅಲ್ಲಿ ಮೆಟ್ಟಿ ಬೆಳಕು ಇಟ್ಟಿಲ್ಲ.

ಧ್ವನಿ ಒಂದೇ ಚಾನೆಲ್‌ನ ಮೊನೊ. ಸೌಂಡ್‌ಬಾರಿನ ಸರೌಂಡ್ ಮೋಡ್ ತೆಗೆದುಬಿಡಿ. ವೆಲ್ಸ್ ಸಿನಿಮಾಗಳಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಾರೆ, ಆದ್ದರಿಂದ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಆದರೆ ಮೊದಲ ಶಾಟ್ ಮುಗಿದ ಮೇಲೆ ಹಾಕಿ.

ನಿಮ್ಮ ತಮ್ಮನಿಗೆ ಒಂದು ವಿಷಯ ತಿಳಿಸಿ. 4ಕೆ ಡಿಸ್ಕ್‌ಗಳಿಗೆ ರೀಜನ್ ಬೀಗ ಇಲ್ಲ, ಅಮೆರಿಕದ್ದು ನಮ್ಮಲ್ಲೂ ಓಡುತ್ತದೆ. ಮಾಮೂಲಿ ಬ್ಲೂ ರೇಗಳಿಗೆ ಬೀಗ ಇರಬಹುದು. ಅಮೆರಿಕ ರೀಜನ್ ಎ, ಬ್ರಿಟನ್ ಬಿ, ಭಾರತ ಸಿ. ಮುಂದಿನ ಸಲ ತರುವಾಗ ಪೆಟ್ಟಿಗೆಯ ಹಿಂದೆ ಇದನ್ನು ನೋಡಿ ಕೊಳ್ಳಲಿ.

ಮಗನ ವಿಷಯ. ಸೂಸನ್ ಒಂದು ಮೋಟೆಲ್‌ನಲ್ಲಿ ಒಂಟಿಯಾಗಿ ಸಿಕ್ಕಿಬೀಳುವ ಭಾಗ ಇದೆ. ಒಂದು ಗುಂಪು ಅವಳನ್ನು ಸುತ್ತುವರಿಯುತ್ತದೆ, ಮಾದಕ ವಸ್ತುವಿನ ಮಾತು ಬರುತ್ತದೆ. ತೆರೆಯ ಮೇಲೆ ತೋರಿಸುವುದು ಕಡಿಮೆ, ಹೆದರಿಸುವುದು ಜಾಸ್ತಿ. ಮುಂದೆ ಒಂದು ಹೋಟೆಲ್ ಕೋಣೆಯಲ್ಲಿ ಒಂದು ಕೊಲೆಯೂ ಇದೆ. ನೀವು ಒಬ್ಬರೇ ಮೊದಲು ನೋಡಿ, ಆಮೇಲೆ ನಿಮ್ಮ ಮಗನ ಸ್ವಭಾವ ನೋಡಿ ತೀರ್ಮಾನಿಸಿ. ಹೆಸ್ಟನ್‌ಗೆ ಮುಖಕ್ಕೆ ಬಣ್ಣ ಬಳಿದು ಮೆಕ್ಸಿಕೋದವರನ್ನಾಗಿ ಮಾಡಿದ್ದು ಇವತ್ತು ಕಣ್ಣಿಗೆ ಚುಚ್ಚುತ್ತದೆ. ಅದನ್ನು ಅವನಿಗೆ ಮುಂಚೆಯೇ ಹೇಳಿ. ಅದೇ ಸಿನಿಮಾ ಆ ಮೆಕ್ಸಿಕೋದವನನ್ನೇ ನ್ಯಾಯದ ಕಡೆ ನಿಲ್ಲಿಸುತ್ತದೆ, ಬಿಳಿಯ ಪೊಲೀಸನನ್ನು ತಪ್ಪಿನ ಕಡೆ. ಇಬ್ಬರೂ ಕೂತು ಮಾತಾಡಲು ಅಲ್ಲೇ ಬೇಕಾದಷ್ಟಿದೆ.

ಒಟ್ಟಿಗೆ ನೋಡುವುದಾದರೆ ಸ್ಯಾಂಚೆಜ್ ಅನ್ನುವ ಹುಡುಗನ ಮನೆಯ ವಿಚಾರಣೆಯ ದೃಶ್ಯದಲ್ಲಿ ಬಚ್ಚಲಿನ ಶೂ ಡಬ್ಬಿಯ ಮೇಲೆ ಕಣ್ಣಿಡಲು ಮಗನಿಗೆ ಹೇಳಿ. ಅದೂ ನಿಮಿಷಗಟ್ಟಲೆ ಕಟ್ ಇಲ್ಲದೆ ಸಾಗುತ್ತದೆ, ಇಕ್ಕಟ್ಟಾದ ಕೋಣೆಗಳಲ್ಲಿ. ನನಗೆ ಕೇಳಿದರೆ ಮೊದಲ ಶಾಟ್‌ಗಿಂತ ಕಷ್ಟದ ಕೆಲಸ ಇದು. ಹೆಚ್ಚು ಜನ ಗಮನಿಸುವುದೇ ಇಲ್ಲ.

108 ನಿಮಿಷದ ಡಿಸ್ಕ್ ಸದ್ಯಕ್ಕೆ ಹಾಗೇ ಇರಲಿ. ಸಿನಿಮಾ ತುಂಬಾ ಹಿಡಿಸಿದರೆ ಎಂದಾದರೂ ರಜೆಯಲ್ಲಿ ನೋಡಿ. ಆದರೆ 1998ರದ್ದು ಮುಗಿಸಿದ ಮಾರನೆಯ ದಿನ 1958ರ ಡಿಸ್ಕ್ ಹಾಕಿ ಮೊದಲ ನಾಲ್ಕು ನಿಮಿಷ ನೋಡಿ. ಕಾರು ಎಲ್ಲಿ ಬರುತ್ತದೆ ಅಂತ ಈಗ ನಿಮಗೆ ಗೊತ್ತಿರುತ್ತದೆ, ಟೈಟಲ್‌ಗಳು ಅಡ್ಡ ಬರುವುದಿಲ್ಲ. ಮ್ಯಾನ್ಸಿನಿ ಸಂಗೀತವನ್ನು ಆಗ ವಾಲ್ಯೂಮ್ ಏರಿಸಿ ಕೇಳಿ.